ನಗರದಲ್ಲೇ ತಂಪಾದ ಇಸ್ತ್ರಿ ಶೆಡ್ಡು

ಏಪ್ರಿಲ್ 3

ತಮ್ಮನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ವಿಷಯ.

ಮಾತು ಕೊಟ್ಟದ್ದು: ತಗಡಿನ ಮಾಡಿಗೆ ಒಳಹೊದಿಕೆ. ಮಾಡಿದ್ದು: ಏನೂ ಇಲ್ಲ.

ಮಾತು ಕೊಟ್ಟದ್ದು: ಬಿಸಿಗಾಳಿ ಹೊರಗೆಳೆಯುವ ನಾಲ್ಕು ಫ್ಯಾನು. ಮಾಡಿದ್ದು: ಗೋಡೆಯಲ್ಲಿ ನಾಲ್ಕು ತೂತು. ಫ್ಯಾನು ಬರಲಿಲ್ಲ, ತೂತಿನಿಂದ ಪಾರಿವಾಳ ಬಂದವು.

ಮಾತು ಕೊಟ್ಟದ್ದು: ಕುಡಿಯಲು ತಣ್ಣೀರು. ಮಾಡಿದ್ದು: 'ಹೆಚ್ಚು ನೀರು ಕುಡಿಯಿರಿ' ಎಂಬ ಬಣ್ಣದ ಭಿತ್ತಿಪತ್ರ. ಅದನ್ನು ಅಂಟಿಸಿದ್ದು ಕೆಟ್ಟು ನಿಂತ ನಲ್ಲಿಯ ಮೇಲೆ.

ಮಾತು ಕೊಟ್ಟದ್ದು: ಸೆಕೆಯ ತಿಂಗಳುಗಳಲ್ಲಿ ಎರಡು ಗಂಟೆಗೊಮ್ಮೆ ಇಪ್ಪತ್ತು ನಿಮಿಷ ಬಿಡುವು. ಮಾಡಿದ್ದು: "ನೋಡೋಣ."

ಮಾತು ಕೊಟ್ಟದ್ದು: ತಮ್ಮ ಬಂದು ಅಕ್ಕನ ಮನೆಯಲ್ಲಿ ಮೂರು ದಿನ ಇರುತ್ತಾನೆ. ಮಾಡಿದ್ದು: ನಲವತ್ತು ನಿಮಿಷ. ಅದರಲ್ಲಿ ಮೂವತ್ತು ನಿಮಿಷ ಕಂಬಕ್ಕೆ ಯಂತ್ರ ಕಟ್ಟುತ್ತ ಏಣಿಯ ಮೇಲೆ.

ಐದನೆಯದನ್ನು ಬೇಕಾದರೆ ಮನ್ನಿಸುತ್ತೇನೆ. ಉಳಿದ ನಾಲ್ಕು ನಮ್ಮ ಲಾಂಡ್ರಿಯ ಮ್ಯಾನೇಜರ್ ಕೊಟ್ಟ ಮಾತು, ಅವನ್ನು ನಮ್ಮ ಸಂಘ ಮನ್ನಿಸುವುದಿಲ್ಲ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಫೋನಿನಲ್ಲಿ "ಹೂಂ, ಹೂಂ" ಎನ್ನುತ್ತ ಕಂಪ್ಯೂಟರಿನಲ್ಲಿ ಬೇರೆ ಏನನ್ನೋ ಕುಟ್ಟುತ್ತಿರುತ್ತೀಯ, ಆ ಸದ್ದು ನನಗೆ ಕೇಳುತ್ತದೆ. ಕಾಗದವಾದರೆ ಓದಲೇಬೇಕು. ಓದಿಲ್ಲವೆಂದು ಹೇಳುವ ಹಾಗಿಲ್ಲ.

ನೀನು ಅವಸರದಲ್ಲಿ ಒಪ್ಪಂದವನ್ನು ಓದದೆ ಹೋದೆ. ಅದರಲ್ಲಿ ಏನಿದೆ ಎಂದು ತಿಳಿದಿರಲಿ. ಹೋದ ತಿಂಗಳು ನಮ್ಮ ಅತ್ತೆ (ಶೀಟುಗಳನ್ನು ಒತ್ತುವ ಬಿಸಿ ಇಸ್ತ್ರಿ ರೋಲರಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದವರು, ಲಾಂಡ್ರಿಗೆಲ್ಲ ಅವರೇ ಅತ್ತೆ) ಮಡಿಸುವ ಮೇಜಿನ ಮೇಲೆ ತಲೆಸುತ್ತಿ ಬಿದ್ದರು. ಮ್ಯಾನೇಜರ್ ಬಂದು ನೋಡಿ, "ತಿಂಡಿ ತಿಂದು ಬರ್ಬೇಕಮ್ಮ," ಎಂದ. ಸೆಕೆಯಿಂದ ಹೀಗಾಯಿತು ಎಂದೆವು. "ಸೆಕೆ ಅಂತ ಎಲ್ರೂ ಹೇಳ್ತಾರೆ. ವೈಜ್ಞಾನಿಕ ಪುರಾವೆ ಕೊಡಿ," ಎಂದ. ತರುತ್ತೇವೆ ಎಂದೆವು. ನಿನ್ನ ಸಂಸ್ಥೆಯ ಅಧ್ಯಯನಕ್ಕೆ ನಮ್ಮ ಲಾಂಡ್ರಿಯ ಹೆಸರನ್ನು ಸೇರಿಸಿದ್ದು ಹಾಗೆ.

ಒಪ್ಪಂದ ಇಷ್ಟು. ಆರು ವಾರ ಅಳತೆ. ತಾಪ ಅಳೆಯುವ ಒಂದು ಯಂತ್ರ ಇಸ್ತ್ರಿ ಶೆಡ್ಡಿನಲ್ಲಿ, ಹೋಲಿಸಿ ನೋಡಲು ಇನ್ನೊಂದು ಮ್ಯಾನೇಜರನ ಆಫೀಸಿನಲ್ಲಿ. ಕೆಲಸದ ಹೊತ್ತಿನ ಸರಾಸರಿ ಮೂವತ್ತಮೂರು ಡಿಗ್ರಿ ದಾಟಿದರೆ ಬಿಡುವು, ಫ್ಯಾನು, ಮಾಡಿನ ಒಳಹೊದಿಕೆ ಎಲ್ಲವೂ ಮುಂದಿನ ತಿಂಗಳಿಂದಲೇ. ದಾಟದಿದ್ದರೆ ಸಂಘ ಎರಡು ವರ್ಷ ಸೆಕೆಯ ಬಗ್ಗೆ ತುಟಿ ಬಿಚ್ಚುವಂತಿಲ್ಲ. ಅರವತ್ತೆರಡು ಜನರ ಪರವಾಗಿ ಸಹಿ ಹಾಕಿದವಳು ನಾನು.

ಯಂತ್ರದ ಚಿಂತೆ ನಿನಗೆ ಬೇಡ. ನಮ್ಮ ಹೆಂಗಸರು ಅದನ್ನು ಕೂಸಿನ ಹಾಗೆ ನೋಡಿಕೊಳ್ಳುತ್ತಿದ್ದಾರೆ.

ನಿನ್ನ ಅಕ್ಕ


ಏಪ್ರಿಲ್ 12

ಪ್ರೀತಿಯ ಅಕ್ಕ,

ನಿನ್ನ ಪತ್ರ ತಲುಪಿತು. ಮೂರು ದಿನ ಉಳಿಯಲಾಗಲಿಲ್ಲ, ಕ್ಷಮಿಸು. ನಲವತ್ತು ಕೆಲಸದ ಜಾಗಗಳಿಗೆ ಹೋಗಿ ಯಂತ್ರ ಕೂರಿಸಬೇಕಿತ್ತು.

ನಮ್ಮ ಅಧ್ಯಯನಕ್ಕೆ ಎರಡು ಭಾಗಗಳಿವೆ. ಭೂಮಿಯ ತಾಪ ಏರುತ್ತಿರುವಾಗ ದುಡಿಯುವ ಸ್ಥಳಗಳ ಒಳಗೆ ನಿಜವಾಗಿ ಎಷ್ಟು ಬಿಸಿಯಿದೆ ಎಂಬುದು ಒಂದು. ಆ ಬಿಸಿಗೆ ಜನ ಹೇಗೆ ಸ್ಪಂದಿಸುತ್ತಾರೆ ಎಂಬುದು ಇನ್ನೊಂದು. ಎರಡನೆಯದಕ್ಕಾಗಿ ಅರವತ್ತನಾಲ್ಕು ಪ್ರಶ್ನೆಗಳ ಪಟ್ಟಿಯನ್ನು ಇದರ ಜೊತೆ ಇಟ್ಟಿದ್ದೇನೆ. ದಯವಿಟ್ಟು ಯಾರಿಗೂ ಉತ್ತರ ಹೇಳಿಕೊಡಬೇಡ. ಮುಖ್ಯವಾಗಿ ನೀನು ಹೇಳಿಕೊಡಬೇಡ.

ಅಧ್ಯಯನ ಮುಗಿಯುವವರೆಗೆ ಅಂಕಿಗಳನ್ನು ನಿನಗೆ ತಿಳಿಸಲು ಸಾಧ್ಯವಿಲ್ಲ. ನೀನು ನನ್ನ ಅಕ್ಕ ಎಂದು ಸಂಸ್ಥೆಯಲ್ಲಿ ಇನ್ನೂ ಹೇಳಿಲ್ಲ. ಹೇಳಿದರೆ ಪಕ್ಷಪಾತ ಎಂದಾರು. ವಿಜ್ಞಾನಕ್ಕೆ ಅಕ್ಕ ಇಲ್ಲ, ತಮ್ಮ ಇಲ್ಲ.

ಯಂತ್ರವನ್ನು ಅಷ್ಟು ಪ್ರೀತಿಯಿಂದ ನೋಡಿಕೊಳ್ಳುತ್ತಿರುವುದಕ್ಕೆ ನಿನ್ನ ಗೆಳತಿಯರಿಗೆ ಧನ್ಯವಾದ ಹೇಳು. ಒಂದು ಗೋದಾಮಿನಲ್ಲಿ ಅದನ್ನು ಕದ್ದಿದ್ದಾರೆ. ಒಂದು ಶಾಲೆಯಲ್ಲಿ ಅದಕ್ಕೆ ಕಣ್ಣು ಮೂಗು ಬರೆದಿದ್ದಾರೆ. ನಿಮ್ಮಿಂದ ಮಾತ್ರ ಒಂದು ನಿಮಿಷವೂ ತಪ್ಪದೆ ಅಂಕಿ ಬರುತ್ತಿದೆ. ಹೀಗೆಯೇ ಮುಂದುವರಿಸಿ.

ನಿನ್ನ ತಮ್ಮ


ಏಪ್ರಿಲ್ 19

ತಮ್ಮನಿಗೆ,

ಪ್ರಶ್ನೆಪಟ್ಟಿ ವಾಪಸು ಕಳಿಸಿದ್ದೇನೆ. ಯಾರಿಗೂ ಏನನ್ನೂ ಹೇಳಿಕೊಡಲಿಲ್ಲ. ಹೇಳಿಕೊಡುವ ಅಗತ್ಯ ಬೀಳಲಿಲ್ಲ.

ಇದನ್ನು ಬರೆದವರು ಯಾರು? ಅವರು ಎಂದಾದರೂ ಬೆವರಿದ್ದಾರೆಯೇ? ಹತ್ತೊಂಬತ್ತನೆಯ ಪ್ರಶ್ನೆ ನೋಡು. 'ಬಿಸಿ ಹೆಚ್ಚಾದಾಗ ನೀವು ಮೊದಲು ಏನು ಮಾಡುತ್ತೀರಿ? ಅ. ಕೊಠಡಿಯ ತಂಪನ್ನು ಹೆಚ್ಚಿಸುತ್ತೇನೆ. ಆ. ಕೆಲಸದ ವೇಳೆಯನ್ನು ಬದಲಿಸಿಕೊಳ್ಳುತ್ತೇನೆ. ಇ. ತಂಪಾದ ಊರಿಗೆ ಹೋಗುತ್ತೇನೆ. ಈ. ಇತರೆ.' ಅತ್ತೆ ಮೂರು ಸಲ ಓದಿಸಿಕೊಂಡರು. "ಇತರೆ ಹಾಕು. ಬೆವರ್ತೀನಿ ಅಂತ ಬರ್ಕೊ," ಎಂದರು.

ಮೂವತ್ತಮೂರನೆಯದು: 'ಭೂಮಿಯ ಭವಿಷ್ಯದ ಬಗ್ಗೆ ದಿನಕ್ಕೆ ಎಷ್ಟು ಹೊತ್ತು ಯೋಚಿಸುತ್ತೀರಿ?' ಬಾಯ್ಲರ್ ನೋಡಿಕೊಳ್ಳುವ ಅಣ್ಣ ತಲೆ ಕೆರೆದುಕೊಂಡ. "ಊಟಕ್ಕೆ ಕಾಲು ಗಂಟೆ ಬಿಡ್ತಾರೆ. ಅದ್ರಲ್ಲಿ ಕೈ ತೊಳೆಯೋಕೆ ಐದು ನಿಮಿಷ. ಉಳಿದಿದ್ರಲ್ಲಿ ಭೂಮಿಗೆ ಎಷ್ಟು ಕೊಡ್ಲಿ ಅಂತ ನೀನೇ ಹೇಳಕ್ಕ."

ಕೊನೆಗೆ ಐದು ಮುಖಗಳ ಚಿತ್ರ. ನಗುವ ಮುಖದಿಂದ ಅಳುವ ಮುಖದವರೆಗೆ, 'ನಿಮ್ಮ ಆತಂಕವನ್ನು ಗುರುತಿಸಿ' ಎಂದು. ಐದನೆಯ ಮುಖಕ್ಕೂ ಬೆವರಿಲ್ಲ. ಮಡಿಸುವ ಮೇಜಿನ ಹೆಂಗಸರು ಎಲ್ಲ ಹಾಳೆಗಳಲ್ಲೂ ಪೆನ್ನಿನಿಂದ ಬೆವರಿನ ಹನಿ ಬರೆದು, ಆಮೇಲೆ ಗುರುತು ಹಾಕಿದ್ದಾರೆ. ಇದು ನಿಮ್ಮ ನಿಯಮಕ್ಕೆ ವಿರುದ್ಧವಾದರೆ ಆಗಲಿ.

ಇನ್ನೊಂದು ಸಂಗತಿ. ಮ್ಯಾನೇಜರ್ ಬದಲಾಗುತ್ತಿರುವ ಹಾಗಿದೆ. ಮೊನ್ನೆ ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೋದಾಗ ಕರ್ಚೀಫಿನಿಂದ ಕತ್ತು ಒರೆಸಿಕೊಳ್ಳುತ್ತ, "ಏನು ಸೆಕೆ, ಏನು ಸೆಕೆ, ಈ ಆಫೀಸಲ್ಲಿ ಮನುಷ್ಯರು ಇರಕ್ಕಾಗಲ್ಲ," ಎಂದು ಎರಡು ಸಲ ಜೋರಾಗಿ ಹೇಳಿದ. ಎ.ಸಿ. ಓಡುತ್ತಲೇ ಇತ್ತು. ಅಂತೂ ಬಿಸಿ ಎಂದರೆ ಏನೆಂದು ಆತನಿಗೂ ತಟ್ಟುತ್ತಿದೆ. ಹೋರಾಟ ಎಂದರೆ ಇದೇ. ಎದುರಿನವನ ಚರ್ಮಕ್ಕೂ ಸುದ್ದಿ ಮುಟ್ಟಬೇಕು.

ಒಂದೇ ಒಂದು ಅಂಕಿ ಹೇಳು. ಮೂವತ್ತಮೂರು ದಾಟಿದೆಯೋ ಇಲ್ಲವೋ? ಬರೀ ಹೂಂ ಅಂದರೆ ಸಾಕು.

ಅಕ್ಕ


ಮೇ 2

ಪ್ರೀತಿಯ ಅಕ್ಕ,

ಉತ್ತರ ತಡವಾಯಿತು. ಅಂಕಿಗಳನ್ನು ಮತ್ತೆ ಮತ್ತೆ ಪರಿಶೀಲಿಸುತ್ತಿದ್ದೆ. ಅವು ತುಂಬ ಆಸಕ್ತಿದಾಯಕವಾಗಿವೆ ಎಂದಷ್ಟೇ ಈಗ ಹೇಳಬಲ್ಲೆ. ನಮ್ಮ ನಿರ್ದೇಶಕರೂ ಆಸಕ್ತಿ ತೋರಿಸಿದ್ದಾರೆ. ಆರು ವರ್ಷದಲ್ಲಿ ಅವರು ನನ್ನ ಮೇಜಿನ ಬಳಿ ಬಂದು ಕುರ್ಚಿ ಎಳೆದುಕೊಂಡು ಕೂತದ್ದು ಇದೇ ಮೊದಲು.

ಕೆಲವು ಸಣ್ಣ ವಿಷಯಗಳನ್ನು ಕೇಳಬೇಕಿತ್ತು. ಶೆಡ್ಡಿನ ಪಕ್ಕದಲ್ಲಿ ಹೊಳೆಯೋ ಕೆರೆಯೋ ಇದೆಯೇ? ದೊಡ್ಡ ಮರ? ನೆಲದಡಿಯಲ್ಲಿ ನೀರಿನ ತೊಟ್ಟಿ? ಬೆಳಗ್ಗೆ ಹತ್ತೂವರೆಯ ಸುಮಾರಿಗೆ ಮತ್ತು ಮಧ್ಯಾಹ್ನ ಎರಡರ ಸುಮಾರಿಗೆ ನಿಮಗೆ ಇದ್ದಕ್ಕಿದ್ದಂತೆ ಚಳಿಯಾಗುವುದುಂಟೇ?

ಅಕ್ಕ, ನಿನ್ನ ಆರೋಗ್ಯ ಹೇಗಿದೆ? ರಕ್ತ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು? ಕೆಲವೊಮ್ಮೆ ರಕ್ತ ಕಡಿಮೆಯಾದಾಗ, ನಿದ್ದೆ ಕೆಟ್ಟಾಗ, ಮನಸ್ಸಿಗೆ ಚಿಂತೆ ಹತ್ತಿಕೊಂಡಾಗ ಇಲ್ಲದ ಸೆಕೆಯೂ ಇದ್ದಂತೆ ಅನಿಸುತ್ತದೆ. ಸುಮ್ಮನೆ ಕೇಳಿದೆ.

ನಿನ್ನ ತಮ್ಮ


ಮೇ 8

ನನ್ನ ಮುದ್ದು ತಮ್ಮನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಅಮ್ಮ ಹೋದ ಮೇಲೆ ನನ್ನ ರಕ್ತದ ಬಗ್ಗೆ ಯಾರೂ ಕೇಳಿರಲಿಲ್ಲ. ನಿನ್ನ ಮಾತಿಗೆ ಬೆಲೆ ಕೊಟ್ಟು ಪರೀಕ್ಷೆ ಮಾಡಿಸಿದೆ. ರಕ್ತ ಬೇಕಾದಷ್ಟಿದೆ. "ನಿಮ್ಮದನ್ನ ಬೇರೆಯವರಿಗೂ ಕೊಡ್ಬಹುದು," ಎಂದಳು ಡಾಕ್ಟರಮ್ಮ.

ಹೊಳೆ ಇಲ್ಲ, ಕೆರೆ ಇಲ್ಲ. ಒಂದು ಮರವಿತ್ತು, ಮ್ಯಾನೇಜರನ ಕಾರು ನಿಲ್ಲಿಸಲು ಕಡಿದರು. ನೆಲದಡಿಯಲ್ಲಿ ಇರುವುದು ಚರಂಡಿ. ಹತ್ತೂವರೆಗೂ ಎರಡಕ್ಕೂ ಚಳಿಯಾಗುತ್ತದೆಯೇ ಎಂದು ಎಲ್ಲರನ್ನೂ ಕೇಳಿದೆ. ಅವರು ನನ್ನ ಹಣೆ ಮುಟ್ಟಿ ನೋಡಿದರು.

ನೀನು 'ಆಸಕ್ತಿದಾಯಕ' ಎಂದು ಬರೆದದ್ದನ್ನು ಮಡಿಸುವ ಮೇಜಿನ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದೆ. ನಿನ್ನ ಬಾಯಿ ಕಟ್ಟಿರುವುದು ನನಗೆ ಗೊತ್ತು. ಹೇಳಬಾರದ್ದನ್ನು ಹೀಗೆ ಸುತ್ತಿಬಳಸಿ ಹೇಳಿದ್ದೀಯ, ಅರ್ಥವಾಯಿತು. ದಾಟಿದೆ. ಹೆಂಗಸರೆಲ್ಲ ಈಗಲೇ ಇಪ್ಪತ್ತು ನಿಮಿಷದಲ್ಲಿ ಏನು ಮಾಡುವುದೆಂದು ಯೋಚಿಸಿಟ್ಟಿದ್ದಾರೆ. ಒಬ್ಬಳು ಕಾಲು ಚಾಚುತ್ತಾಳಂತೆ. ಒಬ್ಬಳು ಚಹಾ ಬಿಸಿಯಿರುವಾಗಲೇ ಕುಡಿಯುತ್ತಾಳಂತೆ. ಒಬ್ಬಳು ಗಂಡನಿಗೆ ಫೋನ್ ಮಾಡಿ ಬೈಯುತ್ತಾಳಂತೆ, ಮನೆಯಲ್ಲಿ ಅದಕ್ಕೆ ಪುರಸೊತ್ತೇ ಸಿಗುವುದಿಲ್ಲವಂತೆ.

ಅತ್ತೆ ಹೋದ ಗುರುವಾರ ಮತ್ತೆ ಬಿದ್ದರು. ಈ ಸಲ ಆಸ್ಪತ್ರೆಗೇ ಸೇರಿಸಬೇಕಾಯಿತು. ನಾವು ಬಟ್ಟೆ ಒಗೆದು ಕೊಡುವ ಆಸ್ಪತ್ರೆಯೇ. ಮಲಗಿದಲ್ಲಿಂದಲೇ ಹಾಸಿಗೆಯ ಶೀಟಿನ ಅಂಚು ಎಳೆದು ನೋಡಿ, "ಇದು ಎರಡನೇ ಪಾಳಿಯವರ ಇಸ್ತ್ರಿ, ಅಂಚು ಸೊಟ್ಟ," ಎಂದರು. ನಾನು ನಕ್ಕೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇನ್ನೊಮ್ಮೆ ಬಿದ್ದರೆ ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೆ ಇನ್ನೂ ಎರಡು ವರ್ಷದ ಕೆಲಸ ಬಾಕಿಯಿದೆ. ಆದಷ್ಟು ಬೇಗ ವರದಿ ಕಳಿಸು.

ಅಕ್ಕ


ಮೇ 20

ಪ್ರೀತಿಯ ಅಕ್ಕ,

ಈ ಪತ್ರವನ್ನು ನಾಲ್ಕು ಸಲ ಹರಿದು ಬರೆಯುತ್ತಿದ್ದೇನೆ.

ಒಪ್ಪಂದದ ಪ್ರಕಾರ ವರದಿಯನ್ನು ಮೊನ್ನೆಯೇ ನಿಮ್ಮ ಆಡಳಿತಕ್ಕೂ ಕಾರ್ಮಿಕ ಅಧಿಕಾರಿಗೂ ಕಳಿಸಿದ್ದೇವೆ. ಸಂಘದ ಪ್ರತಿ ಇದರ ಜೊತೆಗಿದೆ. ಇಸ್ತ್ರಿ ಶೆಡ್ಡಿನ ಸರಾಸರಿ ತಾಪಮಾನ 26.4 ಡಿಗ್ರಿ. ನಾವು ಅಳೆದ ನಲವತ್ತು ಜಾಗಗಳಲ್ಲಿ ಇದೇ ಅತ್ಯಂತ ತಂಪು. ಮ್ಯಾನೇಜರರ ಆಫೀಸಿನ ಸರಾಸರಿ 44.8. ಅದು ಅಪಾಯದ ಮಟ್ಟ. ಅಲ್ಲಿ ತಕ್ಷಣ ತಂಪು ವ್ಯವಸ್ಥೆಯಾಗಬೇಕೆಂದು ಶಿಫಾರಸು ಮಾಡಿದ್ದೇವೆ.

ನನಗೂ ನಂಬಲಾಗಲಿಲ್ಲ. ಆದರೆ ಅಂಕಿ ಅಂಕಿಯೇ. ಆಫೀಸಿನ ಗಾಜಿನ ಗೋಡೆ ಬಿಸಿಲನ್ನು ಹಿಡಿದಿಡುತ್ತಿರಬೇಕು. ಶೆಡ್ಡಿನಲ್ಲಿ ಆ ನಾಲ್ಕು ತೂತುಗಳಿಂದ ಗಾಳಿ ಚೆನ್ನಾಗಿ ಆಡುತ್ತಿರಬೇಕು. ಇದರ ಮೇಲೆ ಒಂದು ಅಧ್ಯಾಯವನ್ನೇ ಬರೆದಿದ್ದೇನೆ: 'ಅನುಭವದ ತಾಪ ಮತ್ತು ಅಳತೆಯ ತಾಪ'. ಭೂಮಿ ಬಿಸಿಯಾಗುತ್ತಿದೆ ಎಂಬ ಸುದ್ದಿಯನ್ನು ಪದೇ ಪದೇ ಕೇಳಿದವರಿಗೆ ತಂಪು ಜಾಗದಲ್ಲೂ ಸೆಕೆಯಾಗುತ್ತದೆ ಎಂಬುದು ನನ್ನ ವಾದ. ಬೆವರಿನ ಹನಿಗಳ ಚಿತ್ರವನ್ನು ಅದಕ್ಕೆ ಪುರಾವೆಯಾಗಿ ಬಳಸಿದ್ದೇನೆ. ಹೊರದೇಶದ ಸಮ್ಮೇಳನವೊಂದರಲ್ಲಿ ಇದನ್ನು ಮಂಡಿಸಲು ನಿರ್ದೇಶಕರು ನನ್ನ ಹೆಸರು ಕೊಟ್ಟಿದ್ದಾರೆ.

ನೀನು ಸುಳ್ಳು ಹೇಳುತ್ತೀಯ ಎನ್ನುತ್ತಿಲ್ಲ. ನಿನಗೆ ಸೆಕೆಯಾಗುತ್ತಿರುವುದು ನಿಜ. ಅಲ್ಲಿ ಸೆಕೆ ಇಲ್ಲ, ಅಷ್ಟೇ.

ನಿನ್ನ ತಮ್ಮ


ಮೇ 23

ಸಂಶೋಧಕರಿಗೆ,

ಮ್ಯಾನೇಜರ್ ನಿಮ್ಮ ವರದಿಯನ್ನು ಗೇಟಿನ ಬಳಿ ನಿಂತು ಓದಿದ. ಎರಡು ಸಲ ಓದಿದ. ಎರಡನೆಯ ಸಲ ಕನ್ನಡಕ ಹಾಕಿಕೊಂಡು ಓದಿದ. ಅವನ ಆಫೀಸಿಗೆ ಎರಡು ಹೊಸ ಎ.ಸಿ. ಬಂದಿವೆ. ನಮ್ಮ ಶೆಡ್ಡಿಗೆ ಒಂದು ಬೋರ್ಡು ಬಂದಿದೆ: 'ನಗರದಲ್ಲೇ ಅತ್ಯಂತ ತಂಪಾದ ದುಡಿಮೆಯ ಸ್ಥಳ. ವೈಜ್ಞಾನಿಕವಾಗಿ ದೃಢಪಟ್ಟಿದೆ.' ಅದನ್ನು ಮೊಳೆ ಹೊಡೆದು ಕೂರಿಸಲು ಬಂದವನು ಏಣಿಯಿಂದ ಇಳಿದು ಬಂದು ಅಂಗಿ ಬಿಚ್ಚಿ ಹಿಂಡಿದ.

ಸಂಘದ ಬಾಯಿಗೆ ಎರಡು ವರ್ಷ ಬೀಗ. ಅದನ್ನು ಹಾಕಿದ್ದು ನಮ್ಮ ಮನೆಯ ಹುಡುಗ.

ಇಪ್ಪತ್ತಾರು ಡಿಗ್ರಿಯಂತೆ. ನಿನ್ನನ್ನು ಕಾಲೇಜಿಗೆ ಕಳಿಸಿದಾಗ ನಾನು ಈ ರೋಲರಿನ ಮುಂದೆ ದಿನಕ್ಕೆ ಹನ್ನೆರಡು ಗಂಟೆ ನಿಂತಿದ್ದೆ. ಹಂಗಿಸಲು ಹೇಳುತ್ತಿಲ್ಲ. ಎಲ್ಲಿ ನಿಂತಿದ್ದೆ ಎಂದು ನೆನಪಿಸುತ್ತಿದ್ದೇನೆ. ನನ್ನ ಮೊಣಕೈಯ ಸುಟ್ಟ ಕಲೆ ನೋಡಿ, "ಅಕ್ಕ, ಇದು ಹೆಂಗಾಯ್ತು?" ಎಂದು ಊದಿದವನು ನೀನು. ಈಗ ಹೇಳು, ಅದು ಅನುಭವದ ಕಲೆಯೋ, ಅಳತೆಯ ಕಲೆಯೋ?

ನನಗಿಂತ ಹೆಚ್ಚು ನೊಂದವರು ಅತ್ತೆ. ಸಿಟ್ಟೂ ಮಾಡಲಿಲ್ಲ, ಆ ಮುದುಕಿ. "ಮಿಷನ್ನಿಗೆ ನಾವು ಏನು ಕಮ್ಮಿ ಮಾಡಿದ್ವೇ?" ಎಂದು ಕೇಳಿದರು. "ಕಂಬದ ಮೇಲೆ ಮುಟ್ಟಿದ್ರೆ ಕೈ ಸುಡ್ತಿತ್ತು, ಪಾಪ ಕೆಟ್ಟೋಗುತ್ತೆ ಅಂತ ಮೂರನೇ ದಿನಾನೇ ಇಳಿಸಿ ಕಿಟಕಿ ಹತ್ರ ಇಟ್ವಿ. ನಮಗಿದ್ದ ಒಂದೇ ಫ್ಯಾನನ್ನ ಅದರ ಕಡೆ ತಿರುಗಿಸಿದ್ವಿ. ದಿನಾ ಎರಡು ಸಲ ಒದ್ದೆ ಟವೆಲ್ ಬದಲಾಯಿಸಿ ಸುತ್ತಿದ್ವಿ. ಒಂದು ದಿನಾನೂ ತಪ್ಪಿಸಿಲ್ಲ. ಅಷ್ಟು ಮಾಡಿದ್ಮೇಲೂ ನಮ್ಮ ವಿರುದ್ಧನೇ ಹೇಳ್ತಲ್ಲೇ." ಇದಕ್ಕೆ ನಿನ್ನ ವಿಜ್ಞಾನದಲ್ಲಿ ಉತ್ತರವಿದೆಯೇ?

ಇನ್ನು ಮುಂದೆ ನನಗೆ ಕಾಗದ ಬರೆಯಬೇಡ. ಫೋನೂ ಬೇಡ.

ಕಾರ್ಯದರ್ಶಿ, ಲಾಂಡ್ರಿ ಕಾರ್ಮಿಕರ ಸಂಘ


ಮೇ 27

ಅಕ್ಕ,

ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಯಾವ ಟವೆಲ್?

ಯಂತ್ರವನ್ನು ಕಂಬದಿಂದ ಇಳಿಸಿದವರು ಯಾರು? ಟವೆಲ್ ಬದಲಾಯಿಸುತ್ತಿದ್ದದ್ದು ಹತ್ತೂವರೆಗೆ ಮತ್ತು ಎರಡಕ್ಕೆ ತಾನೇ? ಆಫೀಸಿನ ಯಂತ್ರ ಎಲ್ಲಿತ್ತು? ಅದನ್ನು ಯಾರಾದರೂ ಕಣ್ಣಾರೆ ನೋಡಿದ್ದಾರಾ?

ದಮ್ಮಯ್ಯ, ಉತ್ತರ ಬರಿ. ಬೇಕಾದಷ್ಟು ಬೈದು ಬರಿ.

ತಮ್ಮ


ಜೂನ್ 1

ತಮ್ಮನಿಗೆ,

ಇಳಿಸಿದವಳು ನಾನೇ.

ಮೊದಲ ಕಾಗದದಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ನೀನು ಏಣಿ ಹತ್ತಿ ಮೂವತ್ತು ನಿಮಿಷ ಒದ್ದಾಡಿ ಕೂರಿಸಿದ್ದನ್ನು ನಾನು ಎರಡು ನಿಮಿಷದಲ್ಲಿ ಬಿಚ್ಚಿದೆ, ಅದನ್ನು ಕೇಳಿ ನಿನಗೆ ಬೇಜಾರಾದೀತು ಅನಿಸಿತು. ದುಬಾರಿ ಯಂತ್ರ, ಬಿಸಿಗೆ ಸುಟ್ಟುಹೋದರೆ ನಿನ್ನ ಕೆಲಸಕ್ಕೆ ಕುತ್ತು ಬಂದೀತು ಎಂಬ ಭಯ. ಅದರ ಹಸಿರು ದೀಪ ಮಿಣುಕುತ್ತಿದ್ದರೆ ನೀನೇ ಅಲ್ಲಿ ಕೂತ ಹಾಗೆ ಅನಿಸುತ್ತಿತ್ತು. ಹೆಂಗಸರೂ ಅದನ್ನು 'ತಮ್ಮ' ಎಂದೇ ಕರೆಯುತ್ತಿದ್ದರು. "ತಮ್ಮಂಗೆ ಟವೆಲ್ ಹಾಕಿದ್ಯೇನೇ?" ಎಂದು ಕೇಳಿದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ. ಹತ್ತೂವರೆಗೆ ಒಂದು, ಎರಡಕ್ಕೆ ಒಂದು. ಹೌದು.

ಆಫೀಸಿನದ್ದು ಎಲ್ಲಿತ್ತು ಎಂದು ಅಲ್ಲಿ ಚಹಾ ಕೊಡುವವಳನ್ನು ಕೇಳಿದೆ. "ನೀರು ಕಾಯಿಸೋ ಪಾತ್ರೆ ಮುಚ್ಚಳದ ಮೇಲೆ," ಎಂದಳು. ಮೊದಲ ದಿನವೇ ಮ್ಯಾನೇಜರ್ ಅಲ್ಲಿ ಇಡಿಸಿದನಂತೆ. ಯಾಕೆಂದು ಅವಳು ಕೇಳಿದ್ದಕ್ಕೆ, "ಅದಕ್ಕೆ ಚಳಿ ಆಗ್ಬಾರ್ದು," ಎಂದನಂತೆ.

ನೋಡು ನಮ್ಮ ಹಣೆಬರಹ. ಅವನಿಗೆ ಯಂತ್ರವನ್ನು ಎಲ್ಲಿ ಇಟ್ಟರೆ ಏನು ಹೇಳುತ್ತದೆ ಎಂದು ಗೊತ್ತಿತ್ತು. ನಮಗೆ ಅದನ್ನು ನೋಡಿಕೊಳ್ಳುವುದಷ್ಟೇ ಗೊತ್ತಿತ್ತು. ಎಲ್ಲವನ್ನೂ ನೋಡಿಕೊಳ್ಳುವುದೇ ನಮ್ಮ ಕೆಲಸ: ಬಟ್ಟೆ, ರೋಲರು, ಮನೆ, ಮುದುಕರು, ಕಡೆಗೆ ಸೆಕೆ ಅಳೆಯಲು ಬಂದ ಡಬ್ಬಿ. ಡಬ್ಬಿಗೆ ಸೆಕೆಯಾಗಬಾರದೆಂದು ನಾವು ಆರು ವಾರ ಫ್ಯಾನಿಲ್ಲದೆ ಬೆಂದೆವು.

ಶನಿವಾರ ಎಲ್ಲರನ್ನೂ ಕೂರಿಸಿ ವಿಷಯ ತಿಳಿಸಿದೆ. ತಪ್ಪು ನನ್ನದು, ಕಾರ್ಯದರ್ಶಿ ಸ್ಥಾನ ಬಿಡುತ್ತೇನೆ ಎಂದೆ. ಅತ್ತೆ ಬಟ್ಟೆ ಗಂಟಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಮತ್ತೆ ತಲೆಸುತ್ತು ಬಂತೇನೋ ಎಂದು ಎಲ್ಲರೂ ಓಡಿದೆವು. "ರಾಜೀನಾಮೆ ಕೊಟ್ಟು ಎಲ್ಲಿಗೆ ಹೋಗ್ತೀಯೇ? ಬಾ ಇಲ್ಲಿ, ಈ ಶೀಟಿನ ತುದಿ ಹಿಡ್ಕೊ," ಎಂದರು.

ನನ್ನ ತಪ್ಪು ಹೇಳಿಯಾಯಿತು. ಈಗ ನಿನ್ನದು. ಭೂಮಿಯ ಭವಿಷ್ಯ ಕೇಳಿದೆ, ನಮ್ಮ ರಕ್ತ ಕೇಳಿದೆ, ಹೊಳೆ ಕೇಳಿದೆ, ಕೆರೆ ಕೇಳಿದೆ. ಅರವತ್ತನಾಲ್ಕು ಪ್ರಶ್ನೆ ಕೇಳಿದೆ. ಯಂತ್ರ ಎಲ್ಲಿದೆ ಎಂದು ಒಂದು ಸಲ ಕೇಳಲಿಲ್ಲ. 'ಹೀಗೆಯೇ ಮುಂದುವರಿಸಿ' ಎಂದು ಬರೆದೆ. ಮುಂದುವರಿಸಿದೆವು.

ಅಕ್ಕ


ಜೂನ್ 9

ಅಕ್ಕ,

ನೀನು ಹೇಳಿದ್ದು ಸರಿ. ಅದಕ್ಕಿಂತ ಕೆಟ್ಟದ್ದೊಂದನ್ನು ಹೇಳಬೇಕಿದೆ.

ಮೊದಲ ಎರಡು ದಿನ ನಿಮ್ಮ ಶೆಡ್ಡಿನ ಅಂಕಿ ನಲವತ್ತೊಂದರ ಮೇಲಿತ್ತು. ಮೂರನೆಯ ದಿನ ಹತ್ತೂವರೆಗೆ, ಕಾಲು ಗಂಟೆಯೊಳಗೆ, ಇಪ್ಪತ್ತೈದಕ್ಕೆ ಇಳಿಯಿತು. ಅದನ್ನು ನಾನು ನೋಡಿದ್ದೆ. ಯಂತ್ರ ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಿದೆ ಎಂದು ಬರೆದು ಆ ಎರಡು ದಿನಗಳನ್ನು ಲೆಕ್ಕದಿಂದ ತೆಗೆದುಹಾಕಿದೆ. ಬಸ್ಸು ಹತ್ತಿ ಬಂದು ನೋಡಬಹುದಿತ್ತು. ಆದರೆ ಫಲಿತಾಂಶ ಹೊಸದಾಗಿತ್ತು, ನಿರ್ದೇಶಕರು ಕುರ್ಚಿ ಎಳೆದುಕೊಂಡು ಕೂತಿದ್ದರು. ತಪ್ಪಿರಬಹುದು ಎಂದು ಅನಿಸಿದಾಗಲೆಲ್ಲ ಇನ್ನೊಂದು ಪುಟ ಬರೆಯುತ್ತ ಹೋದೆ.

ನಿನ್ನ ಪತ್ರ ಬಂದ ದಿನ ಪ್ರಯೋಗಾಲಯದಲ್ಲಿ ಹೀಟರಿನ ಮುಂದೆ ಒಂದು ಯಂತ್ರ ಇಟ್ಟು, ಒದ್ದೆ ಟವೆಲ್ ಸುತ್ತಿ, ಫ್ಯಾನು ತಿರುಗಿಸಿದೆ. 26.1. ಅಷ್ಟರಲ್ಲಿ ನಿರ್ದೇಶಕರು ಒಳಗೆ ಬಂದರು. "ಇಲ್ಯಾಕ್ರೀ ಬಟ್ಟೆ ಒಣಗಿಸ್ತಿದ್ದೀರಿ?" ಎಂದರು. ಎಲ್ಲವನ್ನೂ ಹೇಳಿದೆ. ಟವೆಲ್, ಚಹಾದ ಪಾತ್ರೆ, ತೆಗೆದುಹಾಕಿದ ಎರಡು ದಿನ, ನೀನು ನನ್ನ ಅಕ್ಕ ಎಂಬುದು, ಎಲ್ಲ. ಅವರು ಟವೆಲ್ಲಿನ ತುದಿ ಎತ್ತಿ ಯಂತ್ರವನ್ನು ನೋಡಿದರು. ಆಮೇಲೆ, "ಯಂತ್ರ ಎಲ್ಲಿದೆ ಅಂತ ಯಾಕೆ ಕೇಳ್ಲಿಲ್ಲ ಅಂತ ನಿಮ್ಮ ಅಕ್ಕನೋರು ಕೇಳಿರೋದು ಸರಿಯಾಗೇ ಇದೆ," ಎಂದರು. ಸಮ್ಮೇಳನದ ಪಟ್ಟಿಯಿಂದ ನನ್ನ ಹೆಸರು ಹೋಯಿತು. ಹೋಗಲಿ.

ವರದಿಯನ್ನು ಹಿಂತೆಗೆದುಕೊಳ್ಳುವ ಪತ್ರ ಸಿದ್ಧವಾಗಿದೆ. ನಿರ್ದೇಶಕರ ಸಹಿಯೂ ಆಗಿದೆ. ಮೊದಲ ಎರಡು ದಿನದ ಅಂಕಿಗಳನ್ನು ಜೊತೆಗೆ ಇಟ್ಟಿದ್ದೇನೆ. ಆದರೆ ಒಪ್ಪಂದವನ್ನು ಈಗ ಪೂರ್ತಿ ಓದಿದೆ. ಅದರಲ್ಲಿ ಇರುವುದು ಒಂದೇ ಅಳತೆ. ಮತ್ತೆ ಅಳೆಯಲು ಆಡಳಿತ ಒಪ್ಪದಿದ್ದರೆ ಅಧಿಕಾರಿಯ ಎದುರಿನ ಸಭೆಯಲ್ಲಿ ಒಪ್ಪಿಸಬೇಕು. ಅವರು ಒಪ್ಪುತ್ತಾರೆಯೇ? ಪತ್ರವನ್ನು ನಾಳೆಯೇ ಅಂಚೆಗೆ ಹಾಕಲೇ?

ತಮ್ಮ


ಜೂನ್ 14

ತಮ್ಮನಿಗೆ,

ಹಾಕಬೇಡ.

ಸುಳ್ಳು ಹೇಳು ಎನ್ನುತ್ತಿಲ್ಲ. ಪತ್ರವನ್ನು ಅಂಚೆಗೆ ಹಾಕಬೇಡ, ಕೈಯಲ್ಲಿ ತಾ ಎನ್ನುತ್ತಿದ್ದೇನೆ. ಸಭೆ ಆರಂಭವಾದ ಒಂದು ಗಂಟೆಯ ಮೇಲೆ ಕೊಡು. ಯಾಕೆಂದು ಕೇಳು.

ಶುಕ್ರವಾರ ಕಾರ್ಮಿಕ ಅಧಿಕಾರಿಯ ಬಳಿಗೆ ನಾನೂ ಅತ್ತೆಯೂ ಹೋಗಿದ್ದೆವು. ಮ್ಯಾನೇಜರನೂ ಬಂದಿದ್ದ. ಅಧಿಕಾರಿ ಒಬ್ಬ ಹೆಂಗಸು, ನಗುವ ಜಾತಿಯಲ್ಲ. ಅಳತೆಯ ಬಗ್ಗೆ ಸಂಘಕ್ಕೆ ತಕರಾರಿದೆ, ಸಭೆ ಕರೆಯಿರಿ ಎಂದೆವು. ತನ್ನ ಆಫೀಸಿನಲ್ಲೇ ಸಭೆ ಇಟ್ಟುಕೊಳ್ಳೋಣ ಎಂದ ಮ್ಯಾನೇಜರ್. ಆಗ ಅತ್ತೆ ನಿನ್ನ ವರದಿಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟು, "ಬೇಡ ತಾಯಿ, ಅಲ್ಲಿ ನಲವತ್ನಾಲ್ಕೂ ಮುಕ್ಕಾಲು ಡಿಗ್ರಿ. ನಿಮಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂದರು.

"ಈಗ ಹೊಸ ಎ.ಸಿ. ಹಾಕಿಸಿದ್ದೀವಲ್ಲ ಮೇಡಂ," ಎಂದ ಮ್ಯಾನೇಜರ್.

"ಹಾಕಿಸಿದ್ಮೇಲೆ ಅಳತೆ ಮಾಡಿಸಿದ್ದೀರಾ?" ಎಂದಳು ಅಧಿಕಾರಿ.

"ಇಲ್ಲ, ಆದ್ರೆ ತಂಪಾಗೇ ಇದೆ ಮೇಡಂ."

"ತಂಪಾಗಿದೆ ಅಂತ ಎಲ್ರೂ ಹೇಳ್ತಾರೆ. ಪುರಾವೆ ಇದ್ಯಾ?"

ಆಕೆ ವರದಿಯನ್ನು ತಿರುವಿ ಹಾಕಿ, ಆಡಳಿತವೇ ಒಪ್ಪಿಕೊಂಡ ಈ ದಾಖಲೆಯ ಪ್ರಕಾರ ನಗರದಲ್ಲೇ ತಂಪಾದ ಜಾಗ ಇಸ್ತ್ರಿ ಶೆಡ್ಡು, ಆದ್ದರಿಂದ ಸಭೆ ಅಲ್ಲೇ ನಡೆಯಲಿ ಎಂದು ಬರೆಸಿದಳು. ನಿನ್ನ ಪತ್ರ ಮೊದಲೇ ತಲುಪಿದರೆ ಸಭೆ ಶೆಡ್ಡಿಗೆ ಬರುವುದೇ ಇಲ್ಲ. ಕುರ್ಚಿ ಹಾಕಿಸುವ ಹೊಣೆ ಮ್ಯಾನೇಜರನದ್ದು. ಕಂಪನಿಯ ಇಬ್ಬರು ಮಾಲೀಕರೂ ಬರಬೇಕು, ಕೋಟು ಹಾಕಿಕೊಂಡು ಬರುವವರು. ಹೊತ್ತು ಯಾವುದಿರಲಿ ಎಂದು ಆಕೆ ನನ್ನನ್ನು ಕೇಳಿದಳು. ಮೂರು ಆಸ್ಪತ್ರೆಗಳ ಶೀಟು ಒಟ್ಟಿಗೆ ರೋಲರಿಗೆ ಬರುವ ಹೊತ್ತನ್ನು ಹೇಳಿದೆ. ಆಗ ಯಂತ್ರ ನಿಲ್ಲಿಸಿದರೆ ಸಂಜೆಗೆ ಆಸ್ಪತ್ರೆಗಳಲ್ಲಿ ಹಾಸಲು ಬಟ್ಟೆ ಇರುವುದಿಲ್ಲ. ಆದ್ದರಿಂದ ಯಾವ ಮ್ಯಾನೇಜರನೂ ನಿಲ್ಲಿಸುವುದಿಲ್ಲ. ಬಾಯ್ಲರ್ ಅಣ್ಣನಿಗೆ ಏನೂ ಹೇಳಿಲ್ಲ. ದಿನವೂ ಮಾಡುವಷ್ಟು ಮಾಡಿದರೆ ಸಾಕು.

ಬೀಳ್ಕೊಡುವಾಗ ಆಕೆ ಅತ್ತೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಅಲ್ಲಿ ನಿಜವಾಗ್ಲೂ ಎಷ್ಟಿದೆಯಮ್ಮ?" ಎಂದು ಕೇಳಿದಳು. "ಬಂದು ನೋಡು ತಾಯಿ. ತೆಳ್ಳಗಿನ ಬಟ್ಟೆ ಹಾಕ್ಕೊಂಡು ಬಾ," ಎಂದರು ಅತ್ತೆ.

ನೀನು ಬರುವಾಗ ಹೊಸ ಯಂತ್ರ ತಾ. ಕಂಬಕ್ಕೆ ಕಟ್ಟು, ಎಲ್ಲರ ಕಣ್ಣಿಗೂ ಬೀಳುವ ಹಾಗೆ. ಅದನ್ನು ಯಾರೂ ಮುಟ್ಟುವುದಿಲ್ಲ ಎಂದು ಸಭೆ ಕರೆದು ತೀರ್ಮಾನ ಮಾಡಿದ್ದೇವೆ. ವಿರುದ್ಧ ಮತ ಹಾಕಿದವಳು ಒಬ್ಬಳೇ. ಅವಳಿಗೆ ಇನ್ನೂ ಅದರ ಮೇಲೆ ಕನಿಕರ. ನೀನು ಕುರ್ಚಿಯಲ್ಲಿ ಕೂರುವಂತಿಲ್ಲ. ಅತ್ತೆಯ ಜಾಗದಲ್ಲಿ ನಿಂತು ಶೀಟಿನ ಒಂದು ತುದಿ ಹಿಡಿ, ಇನ್ನೊಂದು ತುದಿ ನಾನು ಹಿಡಿಯುತ್ತೇನೆ. ಬಿಡುವು ಬೇಕೋ ಬೇಡವೋ ಎಂದು ಕೋಟಿನವರು ಬಾಯಿಬಿಟ್ಟು ಹೇಳುವವರೆಗೆ ಬಾಗಿಲು ತೆಗೆಯಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಬಾಗಿಲು ತೆರೆದೇ ಇರುತ್ತದೆ. ಅತ್ತೆ ಇಪ್ಪತ್ತೆಂಟು ವರ್ಷ ನಿಂತ ಜಾಗದಲ್ಲಿ ಅವರು ಎಷ್ಟು ಹೊತ್ತು ಕೂರುತ್ತಾರೆ ಎಂದು ಗಡಿಯಾರ ನೋಡುತ್ತೇವೆ, ಅಷ್ಟೇ.

ಸಭೆ ಇದೇ ಜೂನ್ ಇಪ್ಪತ್ತನಾಲ್ಕು, ಬುಧವಾರ, ಮಧ್ಯಾಹ್ನ ಎರಡು ಗಂಟೆಗೆ, ಇಸ್ತ್ರಿ ಶೆಡ್ಡಿನಲ್ಲಿ, ಎರಡನೆಯ ರೋಲರಿನ ಪಕ್ಕ.